ಆ ಮೂರು ಮಿಲಿಮೀಟರ್

ಸದ್ದು ನಿಲ್ಲಿಸಿ ಬರೀ ನಡುಗುವಂತೆ ಇಟ್ಟ ಮೊಬೈಲನ್ನು ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲಿಟ್ಟು ಅದಕ್ಕೊಂದು ಕರೆ ಮಾಡಿ ನೋಡಿ. ಅಂಗೈಯಲ್ಲಿದ್ದಾಗ ಕಿವಿಗೊಟ್ಟರಷ್ಟೇ ಕೇಳುತ್ತಿದ್ದ ಗುಂಯ್ ಎನ್ನುವ ಸದ್ದು ಈಗ ಪಕ್ಕದ ಕೋಣೆಯವರೂ ತಿರುಗಿ ನೋಡುವಷ್ಟು ಜೋರಾಗುತ್ತದೆ. ತಟ್ಟೆಗೂ ಮೊಬೈಲಿಗೂ ನಡುವೆ ನಾಲ್ಕು ಮಡಿಕೆ ಹಾಕಿದ ಟವೆಲ್ ಇಟ್ಟರೆ ಆ ಗರಗರ ಅಡಗುತ್ತದೆ. ಮೊಬೈಲಿನೊಳಗಿನ ಪುಟ್ಟ ಮೋಟರು ಮೂರು ಸಲವೂ ತಿರುಗಿದ್ದು ಒಂದೇ ಬಗೆಯಲ್ಲಿ. ಬದಲಾದದ್ದು ಅದರ ನಡುಕ ಯಾವುದಕ್ಕೆ ದಾಟಿತು ಎಂಬುದು. ಅಂಗೈಯಗಲದ ಮೊಬೈಲು ಅಲುಗಿ ತಳ್ಳಬಲ್ಲ ಗಾಳಿ ಬಹಳ ಕಡಿಮೆ. ಅಗಲವಾದ ತೆಳು ತಟ್ಟೆ ಅದೇ ನಡುಕವನ್ನು ಇಸಿದುಕೊಂಡು ಹೆಚ್ಚು ಗಾಳಿಯನ್ನು ತಳ್ಳುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಶ್ರುತಿಕವೆಯ ಬುಡವನ್ನು ಮೇಜಿಗೆ ಒತ್ತಿದೊಡನೆ ನಾದ ದೊಡ್ಡದಾಗುವುದು ಇದೇ ಕಾರಣಕ್ಕೆ. ವೀಣೆಯ ತಂತಿಯ ಕಂಪನ ಕುದುರೆಯ ಮೂಲಕ ಕೊಡದ ಮೇಲಿನ ಹಲಗೆಗೆ ದಾಟದಿದ್ದರೆ ಎದುರು ಕೂತವರಿಗೂ ಅದು ಸರಿಯಾಗಿ ಕೇಳಿಸದು.

ವೀಣೆಗೆ ಬೇಕೇಬೇಕಾದ ಈ ದಾಟುವಿಕೆ ಹೈಫೈ ಸ್ಪೀಕರಿಗೆ ಮಾತ್ರ ಬೇಡವಾದದ್ದು. ಹಾಡನ್ನು ಧ್ವನಿಮುದ್ರಿಸಿದವರು ಕೇಳಿಸಬೇಕೆಂದದ್ದನ್ನು ಸ್ಪೀಕರು ಹೇಳಬೇಕು. ಅದರ ಜೊತೆಗೆ ನೆಲದ ಹಲಗೆ, ಗೋಡೆ, ಟಿವಿ ಇಡುವ ಕಪಾಟು ಎಲ್ಲವೂ ತಮ್ಮ ದನಿ ಸೇರಿಸತೊಡಗಿದರೆ ಕೇಳುಗನಿಗೆ ದಕ್ಕುವುದು ಕಲಬೆರಕೆ ಸಂಗೀತ. ಹೀಗಾಗಿ ಸ್ಪೀಕರಿನ ಅಡಿಗೆ ಇಡುವ ವಸ್ತುಗಳದ್ದೇ ಒಂದು ದೊಡ್ಡ ಮಾರುಕಟ್ಟೆ ಬೆಳೆದಿದೆ. ಚೂಪು ಮೊಳೆಯಂಥ ಲೋಹದ ಸ್ಪೈಕುಗಳು, ರಬ್ಬರ್ ಬಿಲ್ಲೆಗಳು, ಫೋಮಿನ ದಿಂಬುಗಳು, ಸ್ಪ್ರಿಂಗ್ ಕಾಲುಗಳು, ಗ್ರಾನೈಟ್ ಚಪ್ಪಡಿಗಳು ಎಲ್ಲವೂ ಕಂಪನ ತಡೆಯುತ್ತವೆಂದೇ ಮಾರಾಟವಾಗುತ್ತವೆ. ಗಟ್ಟಿಯಾದದ್ದೂ ಮೆತ್ತಗಿರುವುದೂ ಒಂದೇ ಕೆಲಸ ಮಾಡುತ್ತವೆ ಎಂದರೆ ಎಲ್ಲೋ ಲೆಕ್ಕ ತಪ್ಪಿದೆ. ಈ ಗೊಂದಲವನ್ನು ಬಿಡಿಸಲು ಬೇಕಾದ ಭೌತಶಾಸ್ತ್ರ ನೂರಾರು ವರ್ಷ ಹಳೆಯದು, ಅಳೆಯಲು ಬೇಕಾದ ಉಪಕರಣ ಶಾಲೆಯ ಮಕ್ಕಳ ಅಡಿಪಟ್ಟಿ. ಸ್ಪೀಕರಿನ ಭಾರಕ್ಕೆ ಅದರ ಕಾಲು ಎಷ್ಟು ಕುಗ್ಗುತ್ತದೆ, ಆ ಕಾಲು ನಿಂತಿರುವ ವಸ್ತು ಎಷ್ಟು ಹಗುರ, ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಹಣ ಎಲ್ಲಿ ಹಾಕಬೇಕು, ಎಲ್ಲಿ ಬೇಡ ಎಂಬುದು ತಾನಾಗಿ ತಿಳಿಯುತ್ತದೆ.

ಪೆಟ್ಟಿಗೆ ನಡುಗುವುದೇಕೆ

ಇಂದು ಮನೆಮನೆಯಲ್ಲಿರುವ ಸ್ಪೀಕರಿನ ಮೂಲರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಆಯಸ್ಕಾಂತದ ಕಿರುಸಂದಿನಲ್ಲಿ ತಂತಿಯ ಸುರುಳಿ, ಆ ಸುರುಳಿಗೆ ಅಂಟಿಕೊಂಡ ಕಾಗದದ ಶಂಕು. ಹಾಡಿನ ವಿದ್ಯುತ್ ಸುರುಳಿಯಲ್ಲಿ ಹರಿದಾಗ ಶಂಕು ಹಿಂದೆ ಮುಂದೆ ಆಡಿ ಗಾಳಿಯನ್ನು ತಳ್ಳುತ್ತದೆ. ಆದರೆ ಸುರುಳಿ ಶಂಕುವನ್ನು ಮುಂದಕ್ಕೆ ನೂಕಿದ ಕ್ಷಣದಲ್ಲೇ ಆಯಸ್ಕಾಂತವನ್ನೂ ಅದನ್ನು ಬಿಗಿದ ಪೆಟ್ಟಿಗೆಯನ್ನೂ ಅಷ್ಟೇ ಬಲದಿಂದ ಹಿಂದಕ್ಕೆ ನೂಕಿರುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇಲ್ಲಿ ವಿನಾಯಿತಿ ಇಲ್ಲ. ಆರೂವರೆ ಇಂಚಿನ ಶಂಕು ಸುರುಳಿಯೂ ಸೇರಿ 20 ಗ್ರಾಂ ತೂಗುತ್ತದೆ, ಪೆಟ್ಟಿಗೆ 20 ಕಿಲೋ ಇದೆ ಎಂದುಕೊಳ್ಳೋಣ. ತೂಕದಲ್ಲಿ ಒಂದಕ್ಕೆ ಸಾವಿರದ ಅನುಪಾತ. ಶಂಕು ಎರಡು ಮಿಲಿಮೀಟರ್ ಮುಂದೆ ಹೋದರೆ, ಯಾವ ತಡೆಯೂ ಇಲ್ಲದೆ ತೇಲುತ್ತಿರುವ ಪೆಟ್ಟಿಗೆ ಅದರ ಸಾವಿರದ ಒಂದು ಪಾಲು, ಅಂದರೆ ಎರಡು ಮೈಕ್ರೋಮೀಟರ್ ಹಿಂದೆ ಸರಿಯುತ್ತದೆ. ತಲೆಗೂದಲಿನ ದಪ್ಪದ ಹತ್ತಾರು ಪಾಲುಗಳಲ್ಲಿ ಒಂದು ಪಾಲಿನಷ್ಟು ಕದಲಿಕೆ ಅದು. ಅದನ್ನು ಸುಮ್ಮನೆ ಬಿಟ್ಟರೆ ಯಾರ ಕಿವಿಗೂ ತೊಂದರೆಯಿಲ್ಲ.

ತೊಂದರೆ ಹುಟ್ಟುವುದು ಆ ಬಲ ಇನ್ನೊಂದಕ್ಕೆ ದಾಟಿದಾಗ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಇದನ್ನೇ 41 ಹರ್ಟ್ಸ್ ಆವೃತ್ತಿ ಎನ್ನುವುದು. ಲೆಕ್ಕ ಸಲೀಸಾಗಲೆಂದು 40 ಎಂದಿಟ್ಟುಕೊಂಡರೆ, 20 ಗ್ರಾಮಿನ ಶಂಕುವನ್ನು ಎರಡು ಮಿಲಿಮೀಟರ್ ಅತ್ತಿತ್ತ ಆಡಿಸಲು ಗರಿಷ್ಠ ಎರಡೂವರೆ ನ್ಯೂಟನ್ ಬಲ ಬೇಕಾಗುತ್ತದೆ. ಕಾಲು ಕಿಲೋ ಸಕ್ಕರೆಯ ಪೊಟ್ಟಣ ಅಂಗೈಯನ್ನು ಒತ್ತುವಷ್ಟು ಬಲ. ಸೆಕೆಂಡಿಗೆ ನಲವತ್ತು ಸಲ ಕಾಲು ಕಿಲೋ ಬಲದಿಂದ ಪೆಟ್ಟಿಗೆಯನ್ನು ಯಾರೋ ನೂಕಿ ಎಳೆಯುತ್ತಿದ್ದಾರೆ ಎಂದು ಕಲ್ಪಿಸಿಕೊಳ್ಳಿ. ಶಂಕು ಇರುವುದು ಪೆಟ್ಟಿಗೆಯ ಮೇಲ್ಭಾಗದಲ್ಲಿ, ಕಾಲುಗಳಿರುವುದು ತಳದಲ್ಲಿ. ಹಾಗಾಗಿ ಅಡ್ಡಕ್ಕೆ ಹುಟ್ಟಿದ ಬಲ ಪೆಟ್ಟಿಗೆಯನ್ನು ಕೊಂಚ ತೂಗಾಡಿಸಿ, ಮುಂದಿನ ಕಾಲುಗಳನ್ನೂ ಹಿಂದಿನ ಕಾಲುಗಳನ್ನೂ ಸರದಿಯ ಮೇಲೆ ನೆಲಕ್ಕೆ ಒತ್ತುತ್ತದೆ. ಕಾಲಡಿಯಲ್ಲಿರುವುದು ಸ್ಟೀಲ್ ತಟ್ಟೆಯಂಥ ಹಗುರ, ಅಗಲ ವಸ್ತುವಾದರೆ ಅದೂ ಒಂದು ಸ್ಪೀಕರಾಗುತ್ತದೆ.

ಕುಗ್ಗುವ ಕಾಲಿನ ಲೆಕ್ಕ

ಈ ದಾಟುವಿಕೆಯನ್ನು ತಡೆಯುವ ದಾರಿ ಒಂದೇ: ನಡುವೆ ಸ್ಪ್ರಿಂಗಿನಂತೆ ವರ್ತಿಸುವ ಏನನ್ನಾದರೂ ಇಡುವುದು. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಉಯ್ಯಾಲೆಯನ್ನು ನೆನೆಯಿರಿ. ಉಯ್ಯಾಲೆಯ ಹಗ್ಗವನ್ನು ಮೇಲುಗಡೆ ಹಿಡಿದು ಬಹಳ ನಿಧಾನವಾಗಿ ಅತ್ತಿತ್ತ ಸರಿಸಿದರೆ ಕೂತ ಮಗು ನಿಮ್ಮ ಕೈಯನ್ನು ಹಿಂಬಾಲಿಸುತ್ತದೆ. ಉಯ್ಯಾಲೆ ತಾನಾಗಿ ಜೀಕುವ ಲಯಕ್ಕೆ ಸರಿಯಾಗಿ ಕೈ ಆಡಿಸಿದರೆ ಜೀಕು ಏರುತ್ತಾ ಹೋಗುತ್ತದೆ, ಇದು ಅನುರಣನ. ಕೈಯನ್ನು ಅದಕ್ಕಿಂತ ತುಂಬ ಬೇಗ ಬೇಗ ಆಡಿಸಿದರೆ ಹಗ್ಗದ ಮೇಲ್ತುದಿ ಮಾತ್ರ ಅಲುಗುತ್ತದೆ, ಮಗು ಕೂತಲ್ಲೇ ಇರುತ್ತದೆ. ಸ್ಪ್ರಿಂಗಿನ ಮೇಲೆ ಕೂತ ಸ್ಪೀಕರಿಗೂ ಇಂಥದೇ ಒಂದು ಸ್ವಂತ ಲಯ ಇದೆ. ಅದಕ್ಕೆ ಸಹಜ ಆವೃತ್ತಿ ಎಂದು ಹೆಸರು. ಅದನ್ನು ನಿರ್ಧರಿಸುವುದು ಎರಡೇ ಸಂಗತಿಗಳು: ಮೇಲಿನ ಭಾರ, ಕೆಳಗಿನ ಬಿಗುವು. ಮೃದಂಗ ನುಡಿಸುವವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಎಡಗಡೆಯ ಚರ್ಮಕ್ಕೆ ರವೆಯ ಕಣಕ ಮೆತ್ತಿ ಭಾರ ಹೆಚ್ಚಿಸಿದರೆ ನಾದ ತಗ್ಗುತ್ತದೆ, ಚರ್ಮವನ್ನು ಬಿಗಿದರೆ ಏರುತ್ತದೆ. ಸಿ.ವಿ. ರಾಮನ್ ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ನಮ್ಮ ಚರ್ಮವಾದ್ಯಗಳ ಮೇಲೆ ಬರೆದ ಪ್ರಬಂಧದ ತಿರುಳಲ್ಲೂ ಚರ್ಮದ ಮೇಲೆ ಭಾರವನ್ನು ಹಂಚಿದ ಬಗೆಯಿಂದ ಅದರ ಕಂಪನಗಳು ಹೇಗೆ ಬದಲಾಗುತ್ತವೆ ಎಂಬ ವಿಚಾರವೇ ಇದೆ.

ಲೆಕ್ಕದ ಸೊಗಸು ಏನೆಂದರೆ, ಭಾರವನ್ನೂ ಬಿಗುವನ್ನೂ ಬೇರೆ ಬೇರೆಯಾಗಿ ಅಳೆಯುವ ಅಗತ್ಯವೇ ಇಲ್ಲ. ಸ್ಪೀಕರನ್ನು ಮೇಲಿಟ್ಟಾಗ ಸ್ಪ್ರಿಂಗು ಎಷ್ಟು ಕುಗ್ಗಿತು ಎಂಬ ಒಂದೇ ಅಳತೆಯಲ್ಲಿ ಎರಡೂ ಅಡಗಿವೆ. ಕುಗ್ಗಿದ್ದನ್ನು ಮಿಲಿಮೀಟರಿನಲ್ಲಿ ಬರೆದು, ಅದರ ವರ್ಗಮೂಲದಿಂದ 15.8ನ್ನು ಭಾಗಿಸಿದರೆ, ಮೇಲೆ ಕೆಳಗೆ ಆಡುವ ಚಲನೆಯ ಸಹಜ ಆವೃತ್ತಿ ಹರ್ಟ್ಸ್‌ಗಳಲ್ಲಿ ಸಿಗುತ್ತದೆ. ಒಂದು ಮಿಲಿಮೀಟರ್ ಕುಗ್ಗಿದರೆ ಸುಮಾರು 16 ಹರ್ಟ್ಸ್, ಮೂರು ಮಿಲಿಮೀಟರಿಗೆ 9, ಹತ್ತು ಮಿಲಿಮೀಟರಿಗೆ 5. ಇನ್ನು ಎರಡನೆಯ ಸೂತ್ರ: ಹಾಡಿನ ಆವೃತ್ತಿ ಈ ಸಹಜ ಆವೃತ್ತಿಗಿಂತ 1.4 ಪಟ್ಟು ಮೇಲಿದ್ದಾಗ ಮಾತ್ರ ಸ್ಪ್ರಿಂಗು ಕಂಪನವನ್ನು ತಡೆಯಲು ತೊಡಗುತ್ತದೆ. ಎರಡು ಪಟ್ಟು ಇದ್ದರೆ ಮೂರರಲ್ಲಿ ಒಂದು ಪಾಲು ದಾಟುತ್ತದೆ, ಮೂರು ಪಟ್ಟು ಇದ್ದರೆ ಎಂಟರಲ್ಲಿ ಒಂದು, ನಾಲ್ಕು ಪಟ್ಟು ಇದ್ದರೆ ಹದಿನೈದರಲ್ಲಿ ಒಂದು. ಮೂರು ಮಿಲಿಮೀಟರ್ ಕುಗ್ಗುವ ಕಾಲಿನ ಮೇಲೆ ಕೂತ ಸ್ಪೀಕರು ಬೇಸ್ ಗಿಟಾರಿನ ಕೆಳತಂತಿಯನ್ನು ನುಡಿಸಿದಾಗ ನೆಲಕ್ಕೆ ದಾಟುವುದು ಹದಿನೆಂಟರಲ್ಲಿ ಒಂದು ಪಾಲಿನ ಆಸುಪಾಸು. ಪಿಯಾನೋದ ಅತಿ ಕೆಳಗಿನ ಸ್ವರಕ್ಕೆ, ಅಂದರೆ 27.5 ಹರ್ಟ್ಸ್‌ಗೆ, ಎಂಟರಲ್ಲಿ ಒಂದು. ಮನೆಯಲ್ಲಿ ಕೇಳುವ ಸಂಗೀತಕ್ಕೆ ಇದು ಧಾರಾಳ ಸಾಕು.

ಈಗ ಅಂಗಡಿಯಲ್ಲಿ ಸಿಗುವ ಗಟ್ಟಿ ರಬ್ಬರ್ ಬಿಲ್ಲೆಯನ್ನು ಇದೇ ತಕ್ಕಡಿಗೆ ಹಾಕೋಣ. ಬೆರಳಿಗೆ ಅದು ರಬ್ಬರೇ, ಒತ್ತಿದರೆ ಸ್ವಲ್ಪ ಮೆತ್ತಗೆ ಅನ್ನಿಸುತ್ತದೆ. ಆದರೆ ನಾಲ್ಕು ಬಿಲ್ಲೆಗಳ ಮೇಲೆ 20 ಕಿಲೋ ಹಂಚಿಹೋದಾಗ ಪ್ರತಿಯೊಂದೂ ಕುಗ್ಗುವುದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಎಂದಾದರೆ ಸಹಜ ಆವೃತ್ತಿ 50 ಹರ್ಟ್ಸ್. ಬೇಸ್ ಗಿಟಾರಿನ ಕೆಳಸ್ವರಗಳು ಓಡಾಡುವ ಜಾಗವೇ ಅದು. ಆ ಸ್ವರಗಳಿಗೆ ಬಿಲ್ಲೆ ತಡೆಯಾಗುವುದಿರಲಿ, ಉಯ್ಯಾಲೆಯನ್ನು ಅದರದೇ ಲಯದಲ್ಲಿ ದೂಡಿದಂತೆ ಕಂಪನವನ್ನು ಹೆಚ್ಚಿಸಿ ನೆಲಕ್ಕೆ ದಾಟಿಸುತ್ತದೆ. 71 ಹರ್ಟ್ಸ್ ದಾಟಿದ ಮೇಲಷ್ಟೇ ಅದರ ಉಪಕಾರ ಶುರು. ಇದರ ಮೇಲೆ ರಬ್ಬರಿಗೆ ಇನ್ನೊಂದು ಗುಣವಿದೆ: ಬೇಗ ಬೇಗ ಒತ್ತಿದಾಗ ಅದು, ಸುಮ್ಮನೆ ಭಾರ ಹೊತ್ತು ನಿಂತಾಗಿನದಕ್ಕಿಂತ ಬಿಗಿಯಾಗಿ ವರ್ತಿಸುತ್ತದೆ. ಆದ್ದರಿಂದ ನಿಜವಾದ ಆವೃತ್ತಿ ಲೆಕ್ಕ ಹೇಳಿದ್ದಕ್ಕಿಂತ ತುಸು ಮೇಲೆಯೇ ಇರುತ್ತದೆ. ಕಂಪನ ತಡೆಯುವ ಕಾಲನ್ನು ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಅದರ ಬೆಲೆಯೂ ಅಲ್ಲ, ಮೂಲವಸ್ತುವೂ ಅಲ್ಲ. ಅದು ಎಷ್ಟು ಕಿಲೋ ಭಾರಕ್ಕೆ ಎಷ್ಟು ಮಿಲಿಮೀಟರ್ ಕುಗ್ಗುತ್ತದೆ ಎಂಬುದು. ಇದೇ ಕಾರಣಕ್ಕೆ ಎಲ್ಲ ಸ್ಪೀಕರಿಗೂ ಒಂದೇ ಕಾಲು ಹೊಂದದು. ಐದು ಕಿಲೋ ಸ್ಪೀಕರನ್ನು ಹೊರಲು ಮಾಡಿದ ಸ್ಪ್ರಿಂಗು ಮೂವತ್ತು ಕಿಲೋ ಸ್ಪೀಕರಿನಡಿ ಪೂರ್ತಿ ಅಮುಕಿ ಕಲ್ಲಾಗುತ್ತದೆ; ಮೂವತ್ತು ಕಿಲೋಗೆ ಮಾಡಿದ್ದು ಐದು ಕಿಲೋ ಸ್ಪೀಕರಿನಡಿ ಕುಗ್ಗದೆ ಕಂಬದಂತೆ ನಿಲ್ಲುತ್ತದೆ.

ಈ ಲೆಕ್ಕ ಸಣ್ಣ ಪೆಟ್ಟಿಗೆಗಷ್ಟೇ ಸಲ್ಲುವಂಥದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1996ರಲ್ಲಿ ತೆರೆದ ಬ್ರಿಜ್‌ವಾಟರ್ ಹಾಲ್ ಎಂಬ ಸಂಗೀತಭವನ ಸುಮಾರು 280 ಸ್ಪ್ರಿಂಗುಗಳ ಮೇಲೆ ಕೂತಿದೆ, ಪಕ್ಕದ ರಸ್ತೆಯ ಮತ್ತು ಟ್ರಾಮಿನ ನಡುಕ ಒಳಗಿನ ವಾದ್ಯವೃಂದವನ್ನು ಮುಟ್ಟಬಾರದೆಂದು. ಜರ್ಮನಿಯ ಹ್ಯಾಂಬರ್ಗ್ ಬಂದರಿನ ಅಂಚಿನಲ್ಲಿ 2017ರಲ್ಲಿ ತೆರೆದ ಎಲ್ಬ್‌ಫಿಲ್‌ಹಾರ್ಮೊನಿಯ ದೊಡ್ಡ ಸಭಾಂಗಣ 12,500 ಟನ್ ತೂಗುತ್ತದೆ. ಅದು 362 ಸ್ಪ್ರಿಂಗ್ ಗುಚ್ಛಗಳ ಮೇಲೆ ನಿಂತು ಕಟ್ಟಡದ ಉಳಿದ ಭಾಗದಿಂದ ಬೇರೆಯಾಗಿದೆ. ಅಲ್ಲಿ ಹೊರಗಿನ ಕಂಪನ ಒಳಗೆ ಬರಬಾರದು, ಇಲ್ಲಿ ಸ್ಪೀಕರಿನ ಕಂಪನ ಹೊರಗೆ ಹೋಗಬಾರದು. ದಿಕ್ಕು ಬೇರೆ, ನಿಯಮ ಒಂದೇ. ಇಂಥ ಕಡೆ ಎಂಜಿನಿಯರುಗಳು ಸ್ಪ್ರಿಂಗುಗಳನ್ನು ಆರಿಸುವುದು ಮೇಲಿನ ಭಾರವನ್ನೂ ತಡೆಯಬೇಕಾದ ಆವೃತ್ತಿಯನ್ನೂ ಮುಂದಿಟ್ಟುಕೊಂಡು.

ಮೊಳೆಗಾಲಿನ ವಾದ

ಹಾಗಾದರೆ ಹೈಫೈ ಲೋಕದಲ್ಲಿ ಇಷ್ಟು ಹೆಸರು ಮಾಡಿರುವ ಸ್ಪೈಕುಗಳು? ಅವುಗಳ ಹಿಂದೆ ಒಂದು ನಿಜವಾದ ಅಗತ್ಯವಿತ್ತು, ಅದನ್ನು ಮರೆತದ್ದೇ ಗೊಂದಲಕ್ಕೆ ಕಾರಣ. ಬ್ರಿಟನ್ನಿನ ಹಳೆಯ ಮನೆಗಳಲ್ಲಿ ತೊಲೆಗಳ ಮೇಲೆ ಹಲಗೆ ಹೊದಿಸಿ, ಅದರ ಮೇಲೆ ದಪ್ಪ ಕಾರ್ಪೆಟ್ ಹಾಸುವುದು ವಾಡಿಕೆ. ಕಾರ್ಪೆಟ್ಟಿನ ನೂಲಿನ ಮೇಲೆ ಎತ್ತರದ ಸ್ಪೀಕರು ನೆಟ್ಟಗೆ ನಿಲ್ಲದೆ ಓಲಾಡುತ್ತದೆ. ಚೂಪು ಮೊಳೆ ಕಾರ್ಪೆಟ್ಟನ್ನು ತೂರಿ ಕೆಳಗಿನ ಹಲಗೆಯ ಮೇಲೆ ಊರಿ ಪೆಟ್ಟಿಗೆಯನ್ನು ಸ್ಥಿರವಾಗಿ ನಿಲ್ಲಿಸುತ್ತದೆ. ಆ ಕೆಲಸವನ್ನು ಸ್ಪೈಕು ಚೆನ್ನಾಗಿಯೇ ಮಾಡುತ್ತದೆ. ಆದರೆ ಸ್ಥಿರವಾಗಿ ನಿಲ್ಲಿಸುವುದು ಎಂದರೆ ನೆಲಕ್ಕೆ ಬಿಗಿಯುವುದು. ನೆಲಕ್ಕೆ ಬಿಗಿದ ಪೆಟ್ಟಿಗೆಯ ಬಲ ನೆಲಕ್ಕೆ ದಾಟಿಯೇ ತೀರುತ್ತದೆ. ಶ್ರುತಿಕವೆಯ ಬುಡವನ್ನು ಮೇಜಿಗೆ ಒತ್ತುವುದೂ ಸ್ಪೀಕರಿಗೆ ಸ್ಪೈಕು ಹಾಕುವುದೂ ಭೌತಶಾಸ್ತ್ರದ ಕಣ್ಣಿಗೆ ಒಂದೇ ಕೆಲಸ.

ಸ್ಪೈಕಿನ ಪರವಾಗಿ ಆಗಾಗ ಕೇಳಿಬರುವ ಮಾತೊಂದಿದೆ: ಚೂಪು ತುದಿ ಒಮ್ಮುಖ ಬಾಗಿಲಿನಂತೆ, ಪೆಟ್ಟಿಗೆಯ ಕಂಪನವನ್ನು ನೆಲಕ್ಕೆ ಹರಿಸಿಬಿಡುತ್ತದೆ, ನೆಲದ ಕಂಪನವನ್ನು ಮೇಲೆ ಬರಗೊಡುವುದಿಲ್ಲ ಎಂದು. ಬಚ್ಚಲಿನ ನೀರು ಮೋರಿಗೆ ಹರಿದಂತೆ ಕಂಪನವೂ ಹರಿದುಹೋಗುತ್ತದೆ ಎಂಬ ಈ ಚಿತ್ರ ಮನಸ್ಸಿಗೆ ಹಿಡಿಸುತ್ತದೆ, ಆದರೆ ಸರಿಯಲ್ಲ. ಭೌತವಿಜ್ಞಾನಿ ಲಾರ್ಡ್ ರೇಲೀ 1873ರಲ್ಲೇ ತೋರಿಸಿದ ಪ್ರಮೇಯದ ಪ್ರಕಾರ, ಇಂಥ ಸಾಮಾನ್ಯ ವ್ಯವಸ್ಥೆಗಳಲ್ಲಿ ಒಂದು ಬಿಂದುವಿನಲ್ಲಿ ಕೊಟ್ಟ ಬಲ ಇನ್ನೊಂದು ಬಿಂದುವಿನಲ್ಲಿ ಎಷ್ಟು ಚಲನೆ ಹುಟ್ಟಿಸುತ್ತದೋ, ಎರಡನೆಯದರಲ್ಲಿ ಕೊಟ್ಟ ಅಷ್ಟೇ ಬಲ ಮೊದಲನೆಯದರಲ್ಲಿ ಅಷ್ಟೇ ಚಲನೆ ಹುಟ್ಟಿಸುತ್ತದೆ. ಮೊಳೆಯ ಆಕಾರದಿಂದ ಈ ಸಮತೆ ಮುರಿಯುವುದಿಲ್ಲ. ಅಲ್ಲದೆ ಮೋರಿಗೆ ಬಿದ್ದ ನೀರು ಕಣ್ಮರೆಯಾಗಬಹುದು, ನೆಲಕ್ಕೆ ಹೋದ ಕಂಪನ ಮಾಯವಾಗುವುದಿಲ್ಲ. ನೆಲ ಅದನ್ನು ಶಾಖವಾಗಿ ಕರಗಿಸಬೇಕು, ಇಲ್ಲವೇ ಸದ್ದಾಗಿ ಹೊರಬಿಡಬೇಕು, ಇಲ್ಲವೇ ಕಟ್ಟಡದ ಇನ್ನೊಂದು ಮೂಲೆಗೆ ಸಾಗಿಸಬೇಕು. ಟೈಲ್ಸ್ ನೆಲದ ನಮ್ಮ ಮನೆಗಳಲ್ಲಿ ಸ್ಪೈಕಿಗೆ ತೂರಲು ಕಾರ್ಪೆಟ್ಟೂ ಇಲ್ಲ. 20 ಕಿಲೋ ಪೆಟ್ಟಿಗೆ ನಾಲ್ಕು ಮೊಳೆಗಳ ಮೇಲೆ ನಿಂತು, ಪ್ರತಿ ತುದಿಯೂ ಒಂದು ಚದರ ಮಿಲಿಮೀಟರ್ ಇದ್ದರೆ, ಅಲ್ಲಿನ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 50 ನ್ಯೂಟನ್. ಮನೆ ಕಟ್ಟಲು ಬಳಸುವ ಎಂ20 ಕಾಂಕ್ರೀಟನ್ನು ಪರೀಕ್ಷಿಸುವುದು ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡಕ್ಕೆ. ಟೈಲ್ಸಿನ ಹೊಳಪಿನ ಮೇಲೆ ಗೀರು ಬೀಳುವುದು, ಸ್ಪೈಕಿನಡಿ ಲೋಹದ ಬಿಲ್ಲೆ ಇಡಬೇಕಾಗುವುದು ಇದಕ್ಕೇ.

ಪೆಟ್ಟಿಗೆಯ ಪಕ್ಕದ ಹಲಗೆಗಳೇ ನಡುಗಿ ಸದ್ದು ಮಾಡುತ್ತವಲ್ಲ, ಅದಕ್ಕಾದರೂ ಸ್ಪೈಕು ಬೇಡವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಆ ರೋಗದ ಮದ್ದು ಕಾಲಿನಲ್ಲಿಲ್ಲ, ಹಲಗೆಯಲ್ಲೇ ಇದೆ. ಬಿಬಿಸಿಯ ಸಂಶೋಧನಾ ವಿಭಾಗದ ಹಾರ್ವುಡ್ ಮತ್ತು ಮ್ಯಾಥ್ಯೂಸ್ 1977ರ ತಮ್ಮ ವರದಿಯಲ್ಲಿ ಸ್ಪೀಕರ್ ಪೆಟ್ಟಿಗೆಯ ಗೋಡೆಗಳನ್ನು ಪರಿಶೀಲಿಸಿ, ಹಲಗೆಯನ್ನು ಸುಮ್ಮನೆ ದಪ್ಪವಾಗಿಸುವುದಕ್ಕಿಂತ ತೆಳು ಹಲಗೆಯ ಒಳಮೈಗೆ ಕಂಪನ ಹೀರುವ ಪದರ ಅಂಟಿಸುವ ದಾರಿಯನ್ನು ಎತ್ತಿಹಿಡಿದರು. ಗಂಟೆ ಬಾರಿಸಿದಾಗ ಅದರ ಮೈಮೇಲೆ ಕೈ ಇಟ್ಟರೆ ನಾದ ನಿಲ್ಲುವಂತೆ, ನಡುಗುವ ಹಲಗೆಯನ್ನು ತಣಿಸಬೇಕಾದದ್ದು ಅದು ನಡುಗುವ ಜಾಗದಲ್ಲಿ. ಅದು ತಯಾರಕರ ಕೆಲಸ.

ಕಾಲಡಿಯಲ್ಲಿ ಏನಿದೆ

ಇಲ್ಲಿಗೆ ಮೊದಲ ಪ್ರಶ್ನೆ ಮುಗಿಯಿತು, ಎರಡನೆಯದು ಬಂತು: ಸ್ಪೀಕರು ನಿಂತಿರುವುದು ಯಾವುದರ ಮೇಲೆ? 12 ಅಡಿಗೆ 15 ಅಡಿಯ ಕೋಣೆಯ ಆರ್‌ಸಿಸಿ ಸ್ಲ್ಯಾಬು ಐದು ಇಂಚು ದಪ್ಪ ಇದ್ದರೆ ಚದರ ಮೀಟರಿಗೆ 300 ಕಿಲೋಗೂ ಮಿಕ್ಕಿ, ಒಟ್ಟು ಐದು ಟನ್ನಿಗೂ ಹೆಚ್ಚು ತೂಗುತ್ತದೆ. ಐದು ಟನ್ನಿನ ಎದುರು ಕಾಲು ಕಿಲೋ ಬಲ ಎಷ್ಟು ಮಾತ್ರದ್ದು! ಸ್ಲ್ಯಾಬಿನ ಜಡತ್ವವೇ ಒಂದು ಕಾವಲು. ಸ್ಲ್ಯಾಬಿಗೂ ತನ್ನದೇ ಸಹಜ ಆವೃತ್ತಿ ಇದೆಯೆಂಬುದು ನಿಜ. ಇಷ್ಟಗಲದ ಕೋಣೆಗೆ ಲೆಕ್ಕ ಹಾಕಿದರೆ, ಅಂಚುಗಳನ್ನು ಗೋಡೆ ತೊಲೆಗಳು ಎಷ್ಟು ಬಿಗಿಯಾಗಿ ಹಿಡಿದಿವೆ ಎಂಬುದರ ಮೇಲೆ ಅದು 20ರಿಂದ 40 ಹರ್ಟ್ಸ್ ನಡುವೆ ಬರುತ್ತದೆ. ಅಲ್ಲಿ ಸ್ಲ್ಯಾಬು ಕೊಂಚ ಹೆಚ್ಚು ಸ್ಪಂದಿಸುತ್ತದೆ. ಹಾಗಿದ್ದರೂ ನೆಲಕ್ಕೆ ನೇರವಾಗಿ ಇಟ್ಟ ಸ್ಪೀಕರಿನ ಕಾಲಿನಿಂದ ಬರುವ ಕಂಪನ, ಕೇಳುವ ಕೋಣೆಯಲ್ಲಿ ಸಂಗೀತವನ್ನು ಕೆಡಿಸುವಷ್ಟು ದೊಡ್ಡ ಸದ್ದಾಗುವುದು ಕಷ್ಟ. ಕೆಳಮಹಡಿಯಲ್ಲಿ, ಮಣ್ಣಿನ ಮೇಲೇ ಹಾಕಿದ ನೆಲವಾದರೆ ಇನ್ನೂ ನಿಶ್ಚಿಂತೆ.

ಮರದ ನೆಲದ ಕಥೆ ಬೇರೆ. ತೊಲೆಯ ಮೇಲೆ ಹೊದಿಸಿದ ಹಲಗೆಯ ಭಾರ ಚದರ ಮೀಟರಿಗೆ ಕೆಲವು ಹತ್ತು ಕಿಲೋ ಅಷ್ಟೇ, ಸ್ಲ್ಯಾಬಿನ ಹತ್ತನೆಯ ಒಂದು ಪಾಲಿನ ಸುತ್ತಮುತ್ತ. ಅದು ನಮ್ಮ ಸ್ಟೀಲ್ ತಟ್ಟೆಯ ದೊಡ್ಡಣ್ಣ. ಮಲೆನಾಡಿನ ಹಳೆಯ ಮನೆಯ ಮರದ ಮಹಡಿಯಲ್ಲಿ ಒಬ್ಬರು ನಡೆದರೆ ಗೂಡಿನಲ್ಲಿಟ್ಟ ಲೋಟಗಳು ಕಿಣಿಕಿಣಿ ಎನ್ನುವುದು ಇದಕ್ಕೇ. ಅಮೆರಿಕದಲ್ಲಿ ಮರದ ಚೌಕಟ್ಟಿನ ಮನೆಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಯ ನೆಲವೂ ಈ ಜಾತಿಯದೇ. ಇಂಥ ನೆಲದ ಮೇಲೆ ಸರಿಯಾಗಿ ಕುಗ್ಗುವ ಕಾಲುಗಳು ಕಿವಿಗೆ ಗೊತ್ತಾಗುವಷ್ಟು ವ್ಯತ್ಯಾಸ ಮಾಡುತ್ತವೆ. ಹಾಗೆಯೇ ಪ್ಲೈವುಡ್ಡಿನ ಟಿವಿ ಕಪಾಟು, ಪುಸ್ತಕದ ಶೆಲ್ಫು, ಕಂಪ್ಯೂಟರ್ ಮೇಜು. ಕಾಂಕ್ರೀಟ್ ಮನೆಯಲ್ಲಿದ್ದರೂ ಸ್ಪೀಕರು ಪ್ಲೈವುಡ್ ಮೇಲೆ ಕೂತಿದ್ದರೆ ಲೆಕ್ಕಕ್ಕೆ ಬರುವುದು ಪ್ಲೈವುಡ್ಡೇ. ಗೋಡೆಗೆ ಬ್ರಾಕೆಟ್ ಹಾಕಿ ತೂಗಿಸುವ ಸ್ಪೀಕರಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಇಟ್ಟಿಗೆ ಗೋಡೆ ಭಾರವಾದದ್ದು, ಸಹಿಸಿಕೊಳ್ಳುತ್ತದೆ. ಚದರ ಮೀಟರಿಗೆ ಹತ್ತು ಕಿಲೋ ತೂಗುವ ಜಿಪ್ಸಂ ಬೋರ್ಡಿನ ಪಾರ್ಟಿಷನ್ನಿಗೆ ಬಿಗಿದರೆ ಗೋಡೆಯಿಡೀ ದನಿಗೂಡಿಸುತ್ತದೆ. ಅಲ್ಲಿ ಬ್ರಾಕೆಟ್ಟಿಗೂ ಗೋಡೆಗೂ ನಡುವೆ ರಬ್ಬರ್ ಇಡುವವರು ಒಂದನ್ನು ಮರೆಯಬಾರದು: ರಬ್ಬರಿನ ನಡುವೆ ತೂರಿದ ಬೋಲ್ಟು ಎರಡೂ ಕಡೆಯ ಲೋಹವನ್ನು ಮುಟ್ಟಿಕೊಂಡಿದ್ದರೆ ಕಂಪನ ರಬ್ಬರನ್ನು ಬಿಟ್ಟು ಬೋಲ್ಟಿನ ಮೂಲಕ ದಾಟುತ್ತದೆ. ಬೋಲ್ಟಿನ ಸುತ್ತಲೂ, ಅದರ ತಲೆಯ ಅಡಿಗೂ ರಬ್ಬರ್ ಇದ್ದಾಗಲೇ ತಡೆ ಪೂರ್ಣ.

ಗಾಳಿಯೆಂಬ ಇನ್ನೊಂದು ದಾರಿ

ಕಾಲುಗಳ ಮೇಲೆ ಎಷ್ಟೇ ಗಮನ ಕೊಟ್ಟರೂ ಕೆಳಮನೆಯವರ ದೂರು ನಿಲ್ಲುವುದಿಲ್ಲ ಎಂಬ ಅನುಭವ ಅನೇಕರದು. ಅದಕ್ಕೂ ಲೆಕ್ಕವಿದೆ. ಕೋಣೆಯಲ್ಲಿ ಬೇಸ್ ಸದ್ದು 90 ಡೆಸಿಬೆಲ್ ಇದ್ದಾಗ ಗಾಳಿಯ ಒತ್ತಡ ಚದರ ಮೀಟರಿಗೆ 0.63 ನ್ಯೂಟನ್ನಿನಷ್ಟು ಏರಿಳಿಯುತ್ತದೆ. ನೋಡಲು ಪುಟ್ಟ ಸಂಖ್ಯೆ. ಆದರೆ ನಮ್ಮ ಕೋಣೆಯ ನೆಲದ ವಿಸ್ತಾರ ಸುಮಾರು 16.7 ಚದರ ಮೀಟರ್. 40 ಹರ್ಟ್ಸ್‌ನ ಸದ್ದಿನ ತರಂಗದೂರ ಎಂಟೂವರೆ ಮೀಟರ್, ಕೋಣೆಗಿಂತ ಉದ್ದ. ಹಾಗಾಗಿ ನೆಲದ ಬಹುಭಾಗವನ್ನು ಒತ್ತಡ ಒಟ್ಟಿಗೆ ತಳ್ಳುವಂಥ ಸನ್ನಿವೇಶದಲ್ಲಿ ಒಟ್ಟು ಬಲ ಹತ್ತು ನ್ಯೂಟನ್ನಿನ ಆಸುಪಾಸು. ಎರಡು ಸ್ಪೀಕರುಗಳ ಪೆಟ್ಟಿಗೆಗಳು ಸೇರಿ ಕೊಡಬಲ್ಲ ಗರಿಷ್ಠ ಬಲ ಐದು ನ್ಯೂಟನ್ ಎಂದು ಆಗಲೇ ಕಂಡಿದ್ದೇವೆ. ಅಂದರೆ ಕಾಂಕ್ರೀಟ್ ಕಟ್ಟಡದಲ್ಲಿ ಕೆಳಮನೆಯ ಛಾವಣಿಯನ್ನು ಅಲುಗಿಸುವ ಕೆಲಸದಲ್ಲಿ ಗಾಳಿಯ ಪಾಲೇ ದೊಡ್ಡದು. ಸ್ಪೀಕರನ್ನು ದಾರದಿಂದ ತೂಗುಹಾಕಿದರೂ ಆ ಪಾಲು ಕಡಿಮೆಯಾಗದು. ಅದನ್ನು ತಗ್ಗಿಸುವ ದಾರಿ ಸದ್ದನ್ನೇ ತಗ್ಗಿಸುವುದು, ರಾತ್ರಿ ಹೊತ್ತು ಬೇಸ್ ಕಡಿಮೆ ಮಾಡುವುದು. ನೆಮ್ಮದಿಯ ನೆರೆಹೊರೆಯನ್ನು ಬಯಸುವವರಿಗೆ ಈ ಸತ್ಯವನ್ನು ಮುಚ್ಚಿಟ್ಟು ಕಾಲುಗಳನ್ನು ಮಾರುವುದು ನ್ಯಾಯವಲ್ಲ.

ಕೇಳುವ ಕೋಣೆಯೊಳಗೆ ಬೇಸ್ ಗುಮ್ಮೆನ್ನುವುದಕ್ಕೂ ಬಹಳಷ್ಟು ಸಲ ಕಾರಣ ಗಾಳಿಯೇ. ಎದುರುಬದುರು ಗೋಡೆಗಳ ನಡುವೆ ಸದ್ದಿನ ಅರ್ಧ ತರಂಗ ಸರಿಯಾಗಿ ಕೂತಾಗ ಕೋಣೆಯೇ ಕೊಳಲಾಗುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ, 15 ಅಡಿ ಉದ್ದಕ್ಕೆ ಆ ಆವೃತ್ತಿ 37.5 ಹರ್ಟ್ಸ್, 12 ಅಡಿ ಅಗಲಕ್ಕೆ 47, 10 ಅಡಿ ಎತ್ತರಕ್ಕೆ 56. ಮೂರೂ ಬೇಸ್ ಗಿಟಾರಿನ ವಠಾರದಲ್ಲೇ ಇವೆ. ಹಿಂದಿನ ಗೋಡೆಯಿಂದ ಬಡಿದು ಬಂದ ಸದ್ದು ನೇರ ಸದ್ದಿಗೆ ಎದುರಾಗಿ ಅದನ್ನು ಅಳಿಸುವುದೂ ಉಂಟು: ಸ್ಪೀಕರು ಗೋಡೆಯಿಂದ 86 ಸೆಂಟಿಮೀಟರ್ ದೂರದಲ್ಲಿದ್ದರೆ 100 ಹರ್ಟ್ಸ್ ಸುತ್ತ ಒಂದು ಗುಳಿ ಬೀಳುತ್ತದೆ. ಮೂಲೆಯಲ್ಲಿಟ್ಟರೆ ನೆಲ ಮತ್ತು ಎರಡು ಗೋಡೆಗಳು ಸೇರಿ ಬೇಸನ್ನು ಉಬ್ಬಿಸುತ್ತವೆ. ಇವಕ್ಕೆಲ್ಲ ಪರಿಹಾರ ಸ್ಪೀಕರನ್ನು, ಕೂರುವ ಕುರ್ಚಿಯನ್ನು ಒಂದೆರಡು ಅಡಿ ಸರಿಸಿ ನೋಡುವುದು. ಅದಕ್ಕೆ ಖರ್ಚಿಲ್ಲ, ಸಿಗುವ ಫಲ ಮಾತ್ರ ಕಾಂಕ್ರೀಟ್ ನೆಲದ ಮೇಲೆ ಯಾವ ಕಾಲು ಕೊಡುವುದಕ್ಕಿಂತಲೂ ದೊಡ್ಡದು.

ಎರಡು ಆಕ್ಷೇಪಗಳು

ಮೆತ್ತನೆಯ ಕಾಲಿನ ಮೇಲೆ ಪೆಟ್ಟಿಗೆಯೇ ಆಡುತ್ತದೆ, ಶಂಕುವಿಗೆ ಒದೆಯಲು ಗಟ್ಟಿ ನೆಲೆ ಸಿಗದೆ ಸದ್ದು ಮಸುಕಾಗುತ್ತದೆ ಎಂಬುದು ಬಲವಾದ ಆಕ್ಷೇಪ. ಮಸುಕಾಗುವುದು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿಕ್ಕಿದೆ. ಸಹಜ ಆವೃತ್ತಿಗಿಂತ ಸಾಕಷ್ಟು ಮೇಲೆ ಪೆಟ್ಟಿಗೆಯ ಚಲನೆಯನ್ನು ಕಟ್ಟಿಹಾಕುವುದು ಅದರ ಸ್ವಂತ ಭಾರ: ಶಂಕುವಿನ ಚಲನೆಯ ಸಾವಿರದ ಒಂದು ಪಾಲು, ಅಂದರೆ 60 ಡೆಸಿಬೆಲ್ ಕೆಳಗೆ. ಉಯ್ಯಾಲೆಯ ಮಗು ಕೂತಲ್ಲೇ ಇದ್ದಂತೆ ಪೆಟ್ಟಿಗೆಯೂ ಇದ್ದಲ್ಲೇ ಇರುತ್ತದೆ. ಆಕ್ಷೇಪದಲ್ಲಿ ಸತ್ಯಾಂಶ ಇರುವುದು ಸಹಜ ಆವೃತ್ತಿಯ ಬಳಿಯಲ್ಲಿ. ಅಲ್ಲಿ ಪೆಟ್ಟಿಗೆ ನಿಜವಾಗಿಯೂ ತೂಗುತ್ತದೆ. ಆದ್ದರಿಂದಲೇ ಆ ಆವೃತ್ತಿ ಸಂಗೀತದ ಕೆಳಗಿರಬೇಕು, ಕಾಲಿನಲ್ಲಿ ಕಂಪನವನ್ನು ತಣಿಸುವ ಗುಣವೂ ಸ್ವಲ್ಪ ಇರಬೇಕು. ಎತ್ತರದ, ಕಿರಿದಾದ ಸ್ಪೀಕರು ಸ್ಪ್ರಿಂಗಿನ ಮೇಲೆ ಮಗುವಿನ ಕೈ ತಾಗಿ ಉರುಳಬಹುದೆಂಬುದೂ ಮನಸ್ಸಿನಲ್ಲಿರಬೇಕು. ಅಂಥ ಕಡೆ ಕಾಲುಗಳನ್ನು ಅಗಲವಾದ ಪೀಠದ ಮೂಲೆಗಳಿಗೆ ಹಾಕುವುದೇ ಕ್ಷೇಮ. ಎಲ್‌ಪಿ ತಟ್ಟೆ ಕೇಳುವವರು ಇನ್ನೂ ಎಚ್ಚರವಾಗಿರಬೇಕು. ರೆಕಾರ್ಡಿನ ಗೆರೆಯಲ್ಲಿನ ಏರಿಳಿತಗಳು ಮೈಕ್ರೋಮೀಟರಿನ ಅಳತೆಯವು, ನೆಲದ ಸಣ್ಣ ನಡುಕವೂ ಮುಳ್ಳಿಗೆ ಹಾಡಿನಂತೆಯೇ ಕಾಣುತ್ತದೆ. ಅದಕ್ಕೇ ವಿನ್ಯಾಸಕಾರ ಎಡ್ಗರ್ ವಿಲ್ಚರ್ 1961ರ ತಮ್ಮ ಎಆರ್ ಟರ್ನ್‌ಟೇಬಲ್ಲಿನಲ್ಲಿ ತಟ್ಟೆಯನ್ನೂ ಮುಳ್ಳಿನ ತೋಳನ್ನೂ ಒಟ್ಟಿಗೆ ಸ್ಪ್ರಿಂಗುಗಳ ಮೇಲೆ ಕೂರಿಸಿದರು. ಸದ್ದು ಮಾಡುವ ಸ್ಪೀಕರಿಗಿಂತ ಸದ್ದಿಗೆ ಬೆದರುವ ಟರ್ನ್‌ಟೇಬಲ್ಲಿಗೆ ರಕ್ಷಣೆ ಕೊಟ್ಟದ್ದು ಸರಿಯಾದ ವಿವೇಕ.

ಎರಡನೆಯ ಆಕ್ಷೇಪ ಕೇಳುಗರದು: ಲೆಕ್ಕ ಏನೇ ಹೇಳಲಿ, ಸ್ಪೈಕು ಹಾಕಿದ ಮೇಲೆ ಸಂಗೀತ ತಿಳಿಯಾದದ್ದು ನನ್ನ ಕಿವಿಗೇ ಕೇಳಿಸಿದೆ. ಈ ಮಾತನ್ನು ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲ. ಸ್ಪೈಕು ಹಾಕಿದಾಗ ಪೆಟ್ಟಿಗೆ ಒಂದೆರಡು ಇಂಚು ಮೇಲೇಳುತ್ತದೆ, ಅದರ ಓರೆ ಬದಲಾಗುತ್ತದೆ, ಓಲಾಟ ನಿಲ್ಲುತ್ತದೆ. ಇವೆಲ್ಲ ಕಿವಿಗೆ ತಲುಪುವ ಸದ್ದನ್ನು ನಿಜವಾಗಿಯೂ ಬದಲಿಸಬಲ್ಲವು. ಆದರೆ ನೋಡಿ ಕೇಳುವ ಕಿವಿ ನಂಬಿಕೆಯ ಮಾತಿಗೂ ಓಗೊಡುತ್ತದೆ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಒಂದೇ ಸ್ಪೀಕರುಗಳನ್ನು ಕೇಳುಗರಿಗೆ ಒಮ್ಮೆ ಕಣ್ಣಿಗೆ ಕಾಣುವಂತೆ, ಒಮ್ಮೆ ಕಾಣದಂತೆ ಕೇಳಿಸಿದರು. ಕಂಡಾಗ ಕೊಟ್ಟ ಅಂಕಗಳಿಗೂ ಕಾಣದಾಗ ಕೊಟ್ಟ ಅಂಕಗಳಿಗೂ ಹೊಂದಾಣಿಕೆ ತಪ್ಪಿತು. ಪಳಗಿದ ಕಿವಿಯವರೂ ಇದಕ್ಕೆ ಹೊರತಾಗಿರಲಿಲ್ಲ. ಆದ್ದರಿಂದ ಕಿವಿಯ ಜೊತೆಗೆ ಒಂದು ಅಳತೆಯೂ ಇರಲಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡುವ ಫೈಫಾಕ್ಸ್ ಎಂಬ ಆ್ಯಪ್ ಮೊಬೈಲಿನೊಳಗಿನ ವೇಗೋತ್ಕರ್ಷಮಾಪಕವನ್ನು ತೆರೆದು ತೋರಿಸುತ್ತದೆ. ಸ್ಪೀಕರಿನ ಪಕ್ಕ ಕಪಾಟಿನ ಮೇಲೆ ಮೊಬೈಲ್ ಇಟ್ಟು, 40 ಹರ್ಟ್ಸ್ ಸ್ವರವೊಂದನ್ನು ನುಡಿಸಿ, ಕಾಲು ಹಾಕುವ ಮೊದಲು ಮತ್ತು ಹಾಕಿದ ನಂತರ ಗೆರೆಯ ಎತ್ತರವನ್ನು ಹೋಲಿಸಬಹುದು. ಎರಡೂ ಸಲ ಸದ್ದಿನ ಮಟ್ಟ ಒಂದೇ ಇರಬೇಕು, ಮೊಬೈಲು ಒಂದೇ ಜಾಗದಲ್ಲಿರಬೇಕು. ಗೆರೆ ತಗ್ಗದಿದ್ದರೆ ಆ ಕಾಲು ಅಲ್ಲಿ ಕೆಲಸ ಮಾಡುತ್ತಿಲ್ಲ, ಇಲ್ಲವೇ ಕಪಾಟನ್ನು ಅಲುಗಿಸುತ್ತಿರುವುದು ಗಾಳಿ.

ಮನೆಯಲ್ಲಿ ಮಾಡಬೇಕಾದ ಕೆಲಸದ ಸರದಿಯೂ ಇದರಿಂದಲೇ ತಿಳಿಯುತ್ತದೆ. ಮೊದಲು ಸ್ಪೀಕರನ್ನು ಮೂಲೆಯಿಂದ ಈಚೆ ತಂದು ಜಾಗ ಹುಡುಕಬೇಕು. ಆಮೇಲೆ ಅದು ನಿಂತ ಜಾಗವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಟಕ್ ಎಂದು ಗಟ್ಟಿಯಾಗಿ, ಮೋಟಾಗಿ ನಿಂತರೆ ಅದು ಕಲ್ಲು, ಕಾಂಕ್ರೀಟು. ಅಲ್ಲಿ ಪೆಟ್ಟಿಗೆ ಅಲುಗಾಡದಂತೆ ಸಮವಾಗಿ ಕೂತರೆ ಸಾಕು. ಡಬ್ ಎಂದು ಟೊಳ್ಳಾಗಿ ಮೊಳಗಿದರೆ ಅದು ತಟ್ಟೆಯ ಜಾತಿ. ಅಲ್ಲಿ ಕುಗ್ಗುವ ಕಾಲು ಬೇಕು. ಸ್ಪೀಕರಿನ ಭಾರಕ್ಕೆ ತಕ್ಕ ಸ್ಪ್ರಿಂಗಾಗಲಿ, ಅರ್ಧ ಗಾಳಿ ತುಂಬಿ ಮೇಲೊಂದು ಹಲಗೆ ಇಟ್ಟ ಸಣ್ಣ ಸೈಕಲ್ ಟ್ಯೂಬಾಗಲಿ, ಎರಡಕ್ಕೂ ಒಂದೇ ಪರೀಕ್ಷೆ. ಸ್ಪೀಕರ್ ಇಡುವ ಮೊದಲು ಕಾಲಿನ ಎತ್ತರವನ್ನು ಅಡಿಪಟ್ಟಿಯಲ್ಲಿ ಅಳೆಯಿರಿ, ಇಟ್ಟ ಮೇಲೆ ಇನ್ನೊಮ್ಮೆ ಅಳೆಯಿರಿ. ಎರಡರ ನಡುವೆ ಪಟ್ಟಿಯ ಮೂರು ಸಣ್ಣ ಗೆರೆಗಳಷ್ಟು ಅಂತರವಿದ್ದರೆ ಬೇಸ್ ಗಿಟಾರಿನ ಕೆಳತಂತಿಯ ನಡುಕ ಬಹುಮಟ್ಟಿಗೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಕಪಾಟು ಸುಮ್ಮನಾಗುತ್ತದೆ, ಹಾಡು ಮಾತ್ರ ಕೇಳುತ್ತದೆ.